ಹಸಿದ ಕೌದಿ

ಸಂಘಮಿತ್ರಾಳ ಕನಸಿನಲ್ಲಿ ಮಲಪ್ರಭೆಗೆ ಆಚೆ ದಂಡೆಯೇ ಇರುತ್ತಿರಲಿಲ್ಲ. ತಾಯಿಯ ಹಿಂದೆ ಕೌದಿ ಒಗೆಯಲು ಹೊಳೆಗೆ ಹೋಗುತ್ತಿದ್ದ ವಯಸ್ಸಿನಿಂದಲೂ ಅದೇ ಕನಸು. ರಾಮದುರ್ಗದ ಹೊಳೆದಂಡೆಯ ಕಲ್ಲಿನ ಮೇಲೆ ನಿಂತಿರುತ್ತಾಳೆ, ನೀರು ಹರಡುತ್ತಾ ಹೋಗಿ ಆಕಾಶಕ್ಕೆ ತಾಗುತ್ತದೆ, ಅಲ್ಲಿಂದ ಯಾರೋ ಕೈಬೀಸುತ್ತಾರೆ. ಯಾರೆಂದು ನೋಡುವಷ್ಟರಲ್ಲಿ ಹಾಲಿನವನು ಬಾಗಿಲು ಬಡಿಯುತ್ತಾನೆ. ಅವಳು ಹಾಲಿನವನನ್ನು ಜನ್ಮದಲ್ಲಿ ಕ್ಷಮಿಸಿದವಳಲ್ಲ.

ತಂದೆ ಗಂಗಪ್ಪ ತೀರಿಕೊಂಡ ಮೇಲೆ ಹೊಲಿಗೆ ಯಂತ್ರದ ಮುಂದೆ ಕುಳಿತವಳು, ತಮ್ಮಂದಿರನ್ನು ಓದಿಸಿ, ತಂಗಿಯ ಮದುವೆ ಮಾಡಿ, ತಲೆಯೆತ್ತಿ ನೋಡಿದಾಗ ಕೂದಲು ಬೆಳ್ಳಗಾಗಿದ್ದವು. ಮದುವೆ ಎಂಬುದು ಅವಳ ಕೈಯಲ್ಲಿ ಹೊಲಿಸಿಕೊಂಡು ಹೋಗುವ ಗಿರಾಕಿಗಳ ವಿಷಯವಾಗಿಯೇ ಉಳಿಯಿತು. ಅದಕ್ಕಾಗಿ ಅವಳು ಅತ್ತವಳೂ ಅಲ್ಲ, ಯಾರನ್ನೂ ಬೈದವಳೂ ಅಲ್ಲ. ಹೊಳೆಯ ಆಚೆ ದಂಡೆಯೊಂದನ್ನು ನೋಡಬೇಕು ಎನ್ನುವುದು ಮಾತ್ರ ಹೊಟ್ಟೆಯೊಳಗೆ ಹಾಗೇ ಇತ್ತು.

ಅವಳು ಹೊಲಿಗೆ ಕಲಿಸುತ್ತಿದ್ದ ಮಹಿಳಾ ಕೇಂದ್ರಕ್ಕೆ ಒಂದು ದಿನ ಬೆಳಗಾವಿಯಿಂದ ಸಂಜೀವ ಎಂಬಾತ ಬಂದ. ಸ್ವಯಂಸೇವಕರನ್ನು ಹೊರದೇಶಗಳಿಗೆ ಕಳಿಸುವ ಸಂಸ್ಥೆಯವನು. ಫಿಜಿ ದ್ವೀಪದ ಒಂದು ಹಳ್ಳಿಯಲ್ಲಿ ಬಿರುಗಾಳಿ ಮನೆಗಳನ್ನು ಎತ್ತಿ ಒಗೆದಿತ್ತು. ದೇಶವಿದೇಶದ ಜನ ಕಳಿಸಿದ ಹಳೆ ಬಟ್ಟೆ ಅಲ್ಲಿ ಗುಡ್ಡೆ ಬಿದ್ದಿತ್ತು, ಹಾಸಿ ಮಲಗಲು ಮಾತ್ರ ಏನೂ ಇರಲಿಲ್ಲ. ಹಳೆ ಬಟ್ಟೆಯಿಂದ ಹಾಸಿಗೆ ಹೊಲಿಯಲು ಕಲಿಸುವವರು ಬೇಕಾಗಿದ್ದರು.

"ನಾ ಹತ್ತನೇತ್ತೆ ಅಷ್ಟ ಕಲ್ತಾಕಿರಿ. ವಯಸ್ಸೂ ಆಗೇತಿ," ಎಂದಳು ಸಂಘಮಿತ್ರಾ.

"ಡಿಗ್ರಿ ಯಾರೂ ಕೇಳಂಗಿಲ್ರಿ ಅಕ್ಕಾರ. ಕೈಯಾಗ ಕೆಲಸ ಇರಬೇಕು, ಮೈ ಗಟ್ಟಿ ಇರಬೇಕು, ಪೊಲೀಸರ ಹತ್ರ ಹೆಸರು ಕೆಟ್ಟಿರಬಾರದು. ಪಗಾರ ಇಲ್ಲ, ಉಣ್ಣಾಕ, ಮಲಗಾಕ ಅವರ ಮನ್ಯಾಗ ಜಾಗಾ ಕೊಡ್ತಾರ." ಸಂಜೀವ ಸ್ವಲ್ಪ ತಡೆದು ಹೇಳಿದ, "ಊರು ಉದ್ಧಾರ ಮಾಡಾಕ ಹೊಂಟೇನಿ ಅಂತ ಮಾತ್ರ ತಿಳ್ಕೋಬ್ಯಾಡ್ರಿ. ಮೊದಲನೇ ವಾರ ಅಳು ಬರ್ತೈತಿ. ತಿರುಗಿ ಬರೂಮುಂದನೂ ಬರ್ತೈತಿ."

ಮನೆಯಲ್ಲಿ ತಮ್ಮಂದಿರು ಹೂಂ ಅಂದರು. ತಾಯಿ ರಾಯವ್ವ ಮುಖ ತಿರುವಿದಳು. ಅವಳ ಹೆದರಿಕೆ ವಿಮಾನದ್ದಲ್ಲ, ಸಮುದ್ರದ್ದೂ ಅಲ್ಲ. "ಒಮ್ಮೆ ಅಲ್ಲಿ ಅನ್ನ ಉಂಡರ ನೀ ಅಲ್ಲಿಯಾಕಿ ಆಗ್ತಿ," ಎಂದು ಒಂದೇ ಮಾತು ಆಡಿದಳು. ದುಡಿದು ದುಡಿದು ಮನೆ ನಿಲ್ಲಿಸಿದ ಮಗಳನ್ನು ಈ ಮನೆಯಲ್ಲಿ ಹಿಡಿದಿಡುವಂಥದ್ದು ತನ್ನ ಹತ್ತಿರ ಏನೂ ಇಲ್ಲವೆಂದು ಆ ಮುದುಕಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಸಿಟ್ಟು.

ಸಿಟ್ಟಿನಲ್ಲೇ ಕೌದಿಗೆ ಕೂತಳು. ಗಂಗಪ್ಪನ ರುಮಾಲು, ಮಗಳ ಸಾಲಿಯ ಲಂಗ, ಏಪ್ರಿಲ್ ತಿಂಗಳ ಜಯಂತಿ ಮೆರವಣಿಗೆಗೆ ತಾನು ಉಡುತ್ತಿದ್ದ ನೀಲಿ ಸೀರೆ, ಎಲ್ಲವೂ ಪದರ ಪದರವಾಗಿ ಸೇರಿದವು. ಅವರ ಓಣಿಯ ಹೆಂಗಸರು ಕೌದಿಯ ಕೊನೆಯ ಮೂಲೆಯನ್ನು ಹೊಲಿಯದೆ ಬಿಟ್ಟಿರುತ್ತಾರೆ. ಅದರೊಳಗೆ ಗರಿಗರಿ ಒಣಗಿದ ಕಟಕ ರೊಟ್ಟಿಯ ಒಂದು ಚೂರು ಇಟ್ಟ ಮೇಲೆಯೇ ಬಾಯಿ ಹೊಲಿಯುವುದು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ, ಎಲ್ಲಿ ಉಣ್ಣುತ್ತದೋ ಅದು ಆ ಮನೆಯ ಕೌದಿ ಎಂದು ಅವರ ನಂಬಿಕೆ. ರಾಯವ್ವ ತನ್ನ ಒಲೆಯ ರೊಟ್ಟಿ ಮುರಿದು ಇಟ್ಟು, ಗಂಟು ಬಿಗಿದು, ಹಲ್ಲಿನಿಂದ ದಾರ ಕಡಿದು, ಕೌದಿಯನ್ನು ಮಗಳ ಚೀಲಕ್ಕೆ ತುರುಕಿದಳು.

ಫಿಜಿಯ ವಿಮಾನ ನಿಲ್ದಾಣದಲ್ಲಿ ಸಮವಸ್ತ್ರದ ಹೆಂಗಸೊಬ್ಬಳು, ಮುತ್ತಜ್ಜನ ಕಾಲಕ್ಕೆ ನಮ್ಮ ದೇಶದಿಂದ ಹೋಗಿ ಅಲ್ಲಿ ನೆಲೆಸಿದವರ ಪೈಕಿ, ಹಿಂದಿಯಲ್ಲಿ ಕೇಳಿದಳು, ತಿನ್ನುವಂಥದ್ದು ಏನಾದರೂ ತಂದಿದ್ದೀರಾ? ಸಂಘಮಿತ್ರಾ ಇಲ್ಲ ಎಂದಳು. ಅವಳು ಸುಳ್ಳು ಹೇಳಿದಳೆಂದು ಯಾರೂ ತಿಳಿಯಬೇಡಿ. ರೊಟ್ಟಿ ಇದ್ದದ್ದು ಅವಳ ಹತ್ತಿರವಲ್ಲ, ಕೌದಿಯ ಹತ್ತಿರ. ಉಂಡವರ ಹೊಟ್ಟೆಯೊಳಗಿನ ಅನ್ನವನ್ನು ಯಾರಾದರೂ ಬುತ್ತಿ ಎಂದು ಎಣಿಸುತ್ತಾರೆಯೇ?

ಆದರೆ ಮೂಸಿ ನೋಡುವ ನಾಯಿಗೆ ಓಣಿಯ ನಂಬಿಕೆ ತಿಳಿಯದು. ಅದು ಬಂದು ಅವಳ ಚೀಲದ ಮುಂದೆ ಪಟ್ಟಾಗಿ ಕುಳಿತುಬಿಟ್ಟಿತು.

ಆ ಅಧಿಕಾರಿ ಒಳ್ಳೆಯವಳು, ಬೈಯಲಿಲ್ಲ. ಹೊರಗಿನ ಕಾಳುಕಡ್ಡಿಯಿಂದ ಇಲ್ಲಿಯ ಬೆಳೆಗೆ ರೋಗ ತಗಲುತ್ತದೆ, ತೆಗೆಯದಿದ್ದರೆ ಇಡೀ ಕೌದಿಯನ್ನೇ ಸುಡಬೇಕಾಗುತ್ತದೆ ಎಂದು ತಿಳಿಸಿ ಹೇಳಿ, ಕತ್ತರಿ ತರಿಸಿದಳು. ಸಂಘಮಿತ್ರಾ ಕತ್ತರಿಸಲು ಬಿಡಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತು ತಾಯಿಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ರೊಟ್ಟಿಯ ಚೂರು ಕಸದ ಡಬ್ಬಿಗೆ ಬಿದ್ದಾಗ ಸಪ್ಪಳವೂ ಆಗಲಿಲ್ಲ.

ಹಳ್ಳಿಯಲ್ಲಿ ಅವಳಿಗೆ ಮನೆ ಕೊಟ್ಟವಳು ಲಿತಿಯಾ ಎಂಬ ದೊಡ್ಡ ನಗುವಿನ ಹೆಂಗಸು. ಪೇಟೆಯ ಹಿಂದಿ ಅವಳಿಗೂ ಅಷ್ಟಿಷ್ಟು ಬರುತ್ತಿತ್ತು. ಹಗಲೆಲ್ಲ ಹೆಂಗಸರು ಬಟ್ಟೆಯ ಗುಡ್ಡೆಯ ಸುತ್ತ ಕೂತು ಹೊಲಿಗೆ ಕಲಿತರು, ಸೂಜಿ ಚುಚ್ಚಿಕೊಂಡು ಕಿಸಕ್ಕನೆ ನಕ್ಕರು. ಎದುರಿಗೆ ಸಮುದ್ರ, ಆಕಾಶಕ್ಕೆ ತಾಗಿದ ನೀರು, ಥೇಟ್ ಅವಳ ಕನಸಿನದೇ. ಕನಸು ಕಣ್ಣೆದುರಿಗೆ ಬಿದ್ದಿದ್ದರೂ ಅವಳಿಗೆ ನಿದ್ದೆಯೇ ಹತ್ತಲಿಲ್ಲ. ಹೇಗೆ ಹೊದ್ದರೂ ಕೌದಿಯ ಬಾಯಿ ತೆರೆದ ಮೂಲೆ ಅವಳ ಕೊರಳ ಹತ್ತಿರವೇ ಬರುತ್ತಿತ್ತು. ತಾಯಿ ಕಟ್ಟಿದ ಬುತ್ತಿಯನ್ನು ಕೈಯಾರೆ ಚೆಲ್ಲಿದೆ ಎನ್ನುವುದೊಂದೇ ರಾತ್ರಿಯಿಡೀ ನೆನಪಾಗುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಕಣ್ಣು ಗುಳಿಬಿದ್ದವು. ಸಂಜೀವನಿಗೆ ಫೋನು ಹಚ್ಚಿ, "ನಾ ವಾಪಸ್ ಬರತೇನ್ರಿ. ನನ್ನಿಂದ ಆಗಂಗಿಲ್ಲ," ಎಂದಳು. ಟಿಕೆಟ್ ನೋಡುತ್ತೇನೆ ಎಂದ ಅವನು.

ಅವಳು ಚೀಲ ಕಟ್ಟುವುದನ್ನು ನೋಡಿದ ಲಿತಿಯಾ ಕೌದಿಯ ಮೂಲೆಯೊಳಗೆ ಬೆರಳು ಹಾಕಿ, ಇದೇಕೆ ಹರಿದಿದೆ ಎಂದು ಕೇಳಿದಳು. ಸಂಘಮಿತ್ರಾ ತನ್ನ ಹರಕುಮುರುಕು ಹಿಂದಿಯಲ್ಲಿ ರೊಟ್ಟಿಯ ಕಥೆ ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು. ಲಿತಿಯಾ ನಗಲಿಲ್ಲ. ಎದ್ದುಹೋಗಿ, ಬಿರುಗಾಳಿಗೆ ಉರುಳಿದ ತನ್ನ ಅಂಗಳದ ತೆಂಗಿನ ಕೊನೆಯ ಫಲದ ಒಣಕೊಬ್ಬರಿಯಲ್ಲಿ ಒಂದು ಚೂರು ತಂದಳು. ಅದನ್ನು ಮೂಲೆಯೊಳಗೆ ತಳ್ಳಿ, ಸೂಜಿಯನ್ನು ಸಂಘಮಿತ್ರಾಳ ಕೈಗೆ ಕೊಟ್ಟು ಎದುರಿಗೆ ಕುಳಿತಳು, ಹೊಲಿಯುವ ತನಕ ಏಳಲಿಲ್ಲ.

ಆ ರಾತ್ರಿ ಸಂಘಮಿತ್ರಾ ಹೆಣದಂತೆ ಮಲಗಿದಳು. ಕನಸಿನಲ್ಲಿ ಹೊಳೆಯ ಆಚೆ ದಂಡೆ ಕಂಡಿತು. ಅಲ್ಲಿ ಕೈಬೀಸುತ್ತಿದ್ದವಳು ರಾಯವ್ವ, ಕೌದಿ ಒಗೆದು ಕಲ್ಲಿನ ಮೇಲೆ ಹರವಿಕೊಂಡು ನಿಂತಿದ್ದಳು. ಬೆಳಗಾದ ಮೇಲೆ ಸಂಜೀವನಿಗೆ ಟಿಕೆಟ್ ಬೇಡವೆಂದಳು.

ಅವಧಿ ಮುಗಿಸಿ ಅವಳು ಊರಿಗೆ ಮರಳಿದಾಗ ಆ ಹಳ್ಳಿಯ ಪ್ರತಿ ಮನೆಯಲ್ಲೂ ಒಂದೊಂದು ಕೌದಿ ಇತ್ತು, ಪ್ರತಿಯೊಂದರ ಮೂಲೆಯಲ್ಲೂ ಒಂದು ಚೂರು ಕೊಬ್ಬರಿ ಇತ್ತು. ಸಂಜೀವ ಹೇಳಿದ್ದ ಎರಡನೆಯ ಅಳುವೂ ತಪ್ಪಲಿಲ್ಲ.

ರಾಮದುರ್ಗದ ಮನೆಯಲ್ಲಿ ರಾಯವ್ವ ಮಗಳ ಮುಖ ನೋಡುವ ಮೊದಲು ಚೀಲ ತಡಕಿದಳು.

"ಕೌದಿ ಎಲ್ಲೈತಿ?"

ಸಂಘಮಿತ್ರಾ ನಾಯಿಯ ಕಥೆ, ಕೊಬ್ಬರಿಯ ಕಥೆ ಎಲ್ಲವನ್ನೂ ಹೇಳಿದಳು. "ಅದು ಅಲ್ಲಿ ಉಂಡಿತ್ತು ಬೇ. ಲಿತಿಯಾನ ಮನ್ಯಾಗ ಬಿಟ್ಟ ಬಂದೆ."

ರಾಯವ್ವ ಚೀಲದ ಬಾಯಿ ಕಟ್ಟಿ ಬದಿಗೆ ಸರಿಸಿದಳು. ಆಮೇಲೆ ಮೆಲ್ಲಗೆ ಅಂದಳು, "ನೀನೂ ಅಲ್ಲೇ ಉಂಡೀದಿಯಲ್ಲ."

ಸಂಘಮಿತ್ರಾ ಕೈಕಾಲು ತೊಳೆದು ಬಂದು, ಗೋಡೆಯ ಮಾಡದಲ್ಲಿನ ತನ್ನ ತಾಟು ತೆಗೆದುಕೊಂಡು, ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಳು.

"ಹಸಿವಿ ಆಗೇತಿ ಯವ್ವಾ," ಎಂದಳು.

ರಾಯವ್ವ ಬುಟ್ಟಿಯಿಂದ ರೊಟ್ಟಿ ತೆಗೆದು ಒಂದು ಚೂರು ಮುರಿದಳು. ತಾಟಿಗೆ ಹಾಕಲಿಲ್ಲ, ಮಗಳ ಬಾಯಿಗೇ ಇಟ್ಟಳು.