ತುಟಿಗೆ ಹಚ್ಚಿದ ಹೊಗೆಸೊಪ್ಪಿನ ನೀರು

ಮೂರನೇ ತಟ್ಟೆಗೆ ಸೊಪ್ಪು ಹಾಕಿ ತಿರುಗುವಷ್ಟರಲ್ಲಿ ಒಂದನೇ ತಟ್ಟೆಯ ಹುಳುಗಳೆಲ್ಲ ತಲೆ ಎತ್ತಿ ನಿಂತಿದ್ದವು. ಬಾಯಿಂದ ಹಸಿರು ನೀರು ಕಾರುತ್ತಿದ್ದವು. ಬೆರಳುದ್ದದ ಹುಳುಗಳು ನೋಡನೋಡುತ್ತಲೇ ಮುದುರಿ ಅರ್ಧ ಆದವು. ಎರಡನೇ ತಟ್ಟೆ ನೋಡಿದೆ, ಅಲ್ಲೂ ಹಾಗೇ ಶುರುವಾಗಿತ್ತು. 

ನಮ್ಮದು ಮಾಂಬಳ್ಳಿ. ಹಿತ್ತಲ ಕಡೆಯ ಕೋಣೆಯೇ ಹುಳುಮನೆ. ರೇಷ್ಮೆ ಹುಳು ಸಾಕುವುದು ಅತ್ತಿಗೆಯ ಕೆಲಸ, ಹಿಪ್ಪುನೇರಳೆ ಸೊಪ್ಪು ಕುಯ್ದು ತರುವುದು ನನ್ನದು. ಹುಳುಗಳು ನಾಲ್ಕನೇ ಸಲ ಪೊರೆ ಬಿಟ್ಟು ಎದ್ದಿದ್ದವು. ಇನ್ನು ನಾಲ್ಕೈದು ದಿನ ಮೇಯ್ದರೆ ಗೂಡು ಕಟ್ಟುವುದೇ. ಅದರ ಹಿಂದಿನ ಬೆಳೆ ಪೂರ್ತಿ ಕೆಟ್ಟಿತ್ತು. ಆಗ ಅವ್ವ ಅತ್ತಿಗೆಗೆ ಎಲ್ಲರ ಎದುರಿಗೇ ಹೇಳಿದ್ದಳು, "ಈ ದಪನೂ ಕೆಟ್ರೆ ನೀನು ಉಳದ್ ಮನೆಗೆ ಕಾಲಿಕ್ಬ್ಯಾಡ ಕಣಮ್ಮಿ. ಅದು ನಿನ್ ಕೈಗೆ ಅತ್ತದಲ್ಲ."

 ಅವತ್ತಿನಿಂದ ಅತ್ತಿಗೆ ಸ್ನಾನ ಮಾಡದೆ ಒಳಗೆ ಹೋದವಳಲ್ಲ. ಎಲೆ ಅಡಿಕೆ ಹಾಕುವುದನ್ನೇ ಬಿಟ್ಟಳು. ಹೊಗೆಸೊಪ್ಪು ಹಾಕಿದ ಬಾಯಲ್ಲಿ ಹುಳುಮನೆಗೆ ಯಾರೂ ಬರಬಾರದು, ಇದು ನಮ್ಮ ಕಡೆ ಹುಳು ಸಾಕುವ ಎಲ್ಲ ಮನೆಯಲ್ಲೂ ಇರುವ ಕಟ್ಟಲೆ. ನನಗೂ ಗೊತ್ತಿತ್ತು.

ನನ್ನ ತುಟಿಯ ವಿಷಯ ಹೇಳಬೇಕು. ನನಗೆ ವರ್ಷಕ್ಕೆ ಒಂದು ಸಲವಾದರೂ ಜ್ವರ ಬಿಡುವಾಗ ತುಟಿಯ ಅಂಚಿನಲ್ಲಿ ಒಡೆಯುತ್ತದೆ. ಮೊದಲು ಉರಿ, ಮಾರನೇ ದಿನ ಸಾಸಿವೆಯಂಥ ಗುಳ್ಳೆ ಗುಂಪಾಗಿ ಏಳುತ್ತವೆ, ಒಳಗೆ ನೀರು. ಆಮೇಲೆ ಒಡೆದು ಹಕ್ಕಳೆ ಕಟ್ಟುತ್ತದೆ. ಅವ್ವನ ಮದ್ದು ಯಾವಾಗಲೂ ಒಂದೇ. ಉಪ್ಪು ಸೋಕದ ಹಸಿ ಬೆಣ್ಣೆ ಹಚ್ಚುವುದು. ಉರಿ ಜಾಸ್ತಿಯಾದರೆ ಲೋಳೆಸರದ ತಿರುಳು, ಇಲ್ಲವೆ ಕಲ್ಲಿನ ಮೇಲೆ ತೇದ ಗಂಧ. ಹಕ್ಕಳೆ ಕಟ್ಟಿದ ಮೇಲೆ ಸೋಲಿಗರು ಬೆಟ್ಟದಿಂದ ತರುವ ಜೇನು ಒಂದು ತೊಟ್ಟು. ಉಗುರು ತಾಗಿಸಿದರೆ ಕೈ ಮೇಲೆ ಏಟು. ಅದು ಏಳದಂತೆ ಮಾಡಲಿಕ್ಕೂ ಅವ್ವನ ಹತ್ತಿರ ಮಾತುಗಳಿದ್ದವು: ಬಿಸಿಲಿಗೆ ಹೋಗುವಾಗ ತಲೆಗೆ ಟವಲ್ ಹಾಕು, ಮಜ್ಜಿಗೆ ಕುಡಿ, ಕಂಡವರ ಚೊಂಬಿಗೆ ಬಾಯಿ ಇಡಬೇಡ. ಬೆಣ್ಣೆಗೆ ಉರಿ ತಗ್ಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ವಾಸಿಯಾಗಲು ಎಂಟು ಹತ್ತು ದಿನ ಬೇಕೇ ಬೇಕು.

ನನಗೆ ಅಷ್ಟು ದಿನ ಇರಲಿಲ್ಲ. ಶುಕ್ರವಾರ ಮಧುವನಹಳ್ಳಿಗೆ ಹೆಣ್ಣು ನೋಡಲು ಹೋಗುವುದಿತ್ತು. ಗುಳ್ಳೆ ಎದ್ದದ್ದು ಸೋಮವಾರ. ಮಂಗಳವಾರ ಸಂಜೆ, ಕೊಳ್ಳೇಗಾಲಕ್ಕೆ ರೇಷ್ಮೆಗೂಡು ಸಾಗಿಸುವ ಗಾಡಿಯವನು ನಮ್ಮ ಜಗುಲಿ ಹತ್ತಿರ ಎತ್ತಿಗೆ ನೀರು ಕುಡಿಸುತ್ತಿದ್ದ. ನನ್ನ ಮುಖ ನೋಡಿ ನಕ್ಕ.

"ತುಟಿ ಮ್ಯಾಲೆ ರಾಗಿ ಬಿತ್ತಿದ್ದೀಯೇನ್ಲಾ?"

"ಜರ ಒಡ್ದದೆ. ನಿನ್ ಕೆಲ್ಸ ನೋಡ್ಕೊ ಓಗು."

"ಸುಕ್ರವಾರ ಎಣ್ಣು ನೋಡಕೆ ಓಯ್ತಿದ್ದೀಯಂತೆ. ಅವ್ಳು ಮೊದ್ಲು ನೋಡದು ಮೂತಿಯ ಕಣ್ಲಾ, ನಿಮ್ ಗದ್ದೆಯಲ್ಲ."

"ಅದ್ಕೇನ್ ಮಾಡ್ಲಿ? ಮೂತಿ ಮನೇಲಿ ಮಡಗಿ ಓಗ್ಲಾ?"

"ಒಗೆಸೊಪ್ಪ ನೆನ್ಸಿ ಆ ನೀರ ಅಚ್ಚು. ಸುರ್ ಅಂತದೆ, ತಡ್ಕೊ. ಎಲ್ಡು ದಿನಕ್ಕೆ ಒಣಿಕಂಡು ಉದ್ರೋಯ್ತದೆ. ಬೆಣ್ಣೆಗಿಣ್ಣೆ ಎಲ್ಲ ಸಣ್ ಐಕಳಿಗೆ."

ತನ್ನ ಎಲಡಿಕೆ ಚೀಲದಿಂದ ಒಂದು ಅಂಗೈಯಗಲ ಹೊಗೆಸೊಪ್ಪು ಮುರಿದು ಕೊಟ್ಟ. ತೆಂಗಿನ ಚಿಪ್ಪಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಬೆರಳು ಅದ್ದಿ ತುಟಿಗೆ ಹಚ್ಚಿದೆ. ಕಣ್ಣಲ್ಲಿ ನೀರು ಬಂತು. ಮದ್ದು ಕೆಲಸ ಮಾಡುತ್ತಿದೆ ಅಂದುಕೊಂಡೆ. ಉರಿ ಕಮ್ಮಿ ಆದ ಹಾಗೆ ಮತ್ತೆ ಮತ್ತೆ ಹಚ್ಚಿದೆ. ಅದೇ ಕೈಯಲ್ಲಿ ಸೊಪ್ಪು ಕುಯ್ದೆ, ಅದೇ ಕೈಯಲ್ಲಿ ತಂದು ಮೂರು ತಟ್ಟೆಗೆ ಹರಡಿದೆ. ಅತ್ತಿಗೆ ಬಾವಿಗೆ ಹೋಗಿದ್ದಳು, ಅವಳು ಬರುವಷ್ಟರಲ್ಲಿ ಕೆಲಸ ಮುಗಿಯಲಿ ಅಂತ ನಾನೇ ಹಾಕಿದ್ದು. ಕಟ್ಟಲೆ ಇದ್ದದ್ದು ಬಾಯಿಗೆ ಹಾಕುವವರಿಗೆ. ನಾನು ಬಾಯಿಗೆ ಹಾಕಿರಲಿಲ್ಲ. ನನ್ನ ತಲೆ ಓಡಿದ್ದು ಅಷ್ಟೇ.

ಅತ್ತಿಗೆ ಕೊಡ ಹೊತ್ತು ಬಂದವಳು ಬಾಗಿಲಲ್ಲೇ ನಿಂತಳು. ತಟ್ಟೆ ನೋಡಿದಳು. ಕೊಡ ಇಳಿಸಿ ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಅಳಲಿಲ್ಲ. ಹಿಂದೆಯೇ ಅವ್ವ ಬಂದಳು.

"ನಾ ಏಳ್ನಿಲ್ವಾ. ಮುಟ್ಟಾದ್ ಮೈಲಿ ಒಳಿಕ್ ಬಂದಿದ್ದಾ? ದಿಟ ಏಳು."

"ಇಲ್ಲ ಅತ್ತೆ. ಇನ್ನೂ ದಿನ ಅದೆ."

"ಮತ್ತೆ ಸುಮ್ಸುಮ್ನೆ ಸಾಯ್ತವಾ ಉಳ? ಏಳು ಮ್ಯಾಕೆ. ನಡಿ ಈಚ್ಗೆ. ಇನ್ ಈ ಬಾಗ್ಲು ದಾಟ್ಬ್ಯಾಡ."

ಅತ್ತಿಗೆ ಎದ್ದಳು. ನಾನು ಬೆವರು ಒರೆಸಲು ಕೈ ಎತ್ತಿದೆ. ಬೆರಳು ಮೂಗಿನ ಹತ್ತಿರ ಬಂತು. ಗಮ್ ಅಂತ ಹೊಗೆಸೊಪ್ಪಿನ ನಾತ.  

"ಅವ್ವ, ಅತ್ಗೆವ್ವ ಅಲ್ಲ. ನಾನು ಕಣವ್ವ. ತುಟಿಗೆ ಒಗೆಸೊಪ್ಪಿನ್ ನೀರ ಅಚ್ಚಿದ್ದೆ."

"ತುಟಿಗೆ ಅಚ್ಚುದ್ರೆ ಉಳ ಸಾಯ್ತದಾ? ಅವ್ಳ ಪರ ಮಾತಾಡ್ಬ್ಯಾಡ, ಸುಮ್ಕಿರ್ಲಾ."

ಅವ್ವ ನಂಬಲಿಲ್ಲ. ನಾನು ಮೂಲೆಯ ಕೊನೆ ತಟ್ಟೆಗೆ ಹೋದೆ. ಅಲ್ಲಿಗೆ ನನ್ನ ಕೈ ಹೋಗಿರಲಿಲ್ಲ, ಹುಳುಗಳು ಅತ್ತಿಗೆ ಮೊದಲೇ ಹಾಕಿದ್ದ ಸೊಪ್ಪನ್ನು ಚರಚರ ಅಂತ ಮೇಯುತ್ತಿದ್ದವು. ದಪ್ಪನೆಯದೊಂದನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡು ಅವ್ವನ ಎದುರಿಗೆ ಹಿಡಿದೆ. ಅದು ತಣ್ಣಗೆ ಒಂದೆರಡು ಹೆಜ್ಜೆ ಹರಿಯಿತು. ಆಮೇಲೆ ತಲೆ ಎತ್ತಿತು. ಆ ಕಡೆ ಈ ಕಡೆ ತೂಗಿತು. ನನ್ನ ಅಂಗೈಗೇ ಹಸಿರು ನೀರು ಕಾರಿತು. ಮೂವರೂ ನೋಡುತ್ತಲೇ ಇದ್ದೆವು. ಅದನ್ನು ಇಳಿಸಬೇಕು ಅನ್ನುವುದೂ ನನಗೆ ಹೊಳೆಯಲಿಲ್ಲ.

ಅವ್ವ ಬಾಯಿ ಮೇಲೆ ಸೆರಗು ಇಟ್ಟುಕೊಂಡಳು.

ಅತ್ತಿಗೆ ಒಳಗೆ ಬಂದು ಮೂರೂ ತಟ್ಟೆಗಳ ಸೊಪ್ಪನ್ನೂ ನಾನು ಕುಯ್ದು ತಂದು ಉಳಿದಿದ್ದ ಸೊಪ್ಪನ್ನೂ ಬಾಚಿ ಹೊರಗೆ ಎಸೆದಳು. ಕಿಟಕಿ ತೆಗೆದಳು. "ಈಚ್ಗೆ ನಡೀರಿ ಅತ್ತೆ, ಗಾಳಿ ಆಡ್ಲಿ. ಉಳ್ದ ತಟ್ಟೆ ನಾ ನೋಡ್ಕತೀನಿ," ಅಂದಳು. ಅವಳು ಅವ್ವನಿಗೆ ಹೀಗೆ ಮಾಡಿ ಅಂತ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲ ಸಲ. ಅವ್ವ ಹೊರಗೆ ಹೋದಳು. ಆಮೇಲೆ ಅತ್ತಿಗೆ ನನ್ನ ಕಡೆ ತಿರುಗಿದಳು. "ನೀನು ಇನ್ ಒಳಿಕ್ ಬರಬ್ಯಾಡ ಕಣಪ್ಪ. ಸೊಪ್ನೂ ಮುಟ್ಬ್ಯಾಡ."

ಮೂರು ತಟ್ಟೆ ಸತ್ತವು. ಒಂಬತ್ತು ತಟ್ಟೆ ಗೂಡು ಕಟ್ಟಿದವು. ಹೊಗೆಸೊಪ್ಪಿನ ನೀರಿಗೆ ನನ್ನ ತುಟಿಯ ಚರ್ಮವೂ ಬೆಂದು, ವಾಸಿಯಾಗಲು ಇಪ್ಪತ್ತು ದಿನ ಹಿಡಿಯಿತು. ಹಚ್ಚಿದ್ದು ಅದೇ ಬೆಣ್ಣೆ. ಹೆಣ್ಣು ನೋಡುವುದನ್ನು ಅವ್ವನೇ ಮುಂದಕ್ಕೆ ಹಾಕಿದಳು. ಹುಳುಮನೆಯ ಮಾತಿಗೆ ಅವ್ವ ಮತ್ತೆ ಬರಲಿಲ್ಲ. ಅತ್ತಿಗೆಯೇ ಈಗಲೂ ಸಾಕುತ್ತಾಳೆ, ನಾನು ಈಗಲೂ ಹೊಸ್ತಿಲ ಈಚೆಗೇ ನಿಲ್ಲುತ್ತೇನೆ.