ಗುಲಾಬಿ ಕನ್ನಡಕ ಮತ್ತು ಪಕ್ಕದ ಸೀಟು

ಗೌರಿಬಿದನೂರಿನಲ್ಲಿ ಚಿಕ್ಕಬಳ್ಳಾಪುರದ ಬಸ್ಸು ಹತ್ತಿ ಕೂತದ್ದೇ ತಡ, ಪಕ್ಕದಲ್ಲಿದ್ದ ಹೆಂಗಸು ನನ್ನ ಮುಖ ನೋಡಿ ಎದ್ದು ಹೋದರು. ಬೆಳಕಿಗೆ ಮೈಗ್ರೇನ್ ಕೆರಳದಿರಲೆಂದು ಡಾಕ್ಟರು ಬರೆದುಕೊಟ್ಟ ಗುಲಾಬಿ ಬಣ್ಣದ ಕನ್ನಡಕ ಹಾಕಿದ್ದೆ. ನನಗೆ ಮದ್ರಾಸ್ ಐ ಬಂದಿದೆ ಎಂದುಕೊಂಡು, ನಿಂತಿದ್ದವರೂ ಆ ಸೀಟಿಗೆ ಬರಲಿಲ್ಲ. ನಾನೂ ಅಲ್ಲವೆನ್ನಲು ಹೋಗದೆ ಆರಾಮಾಗಿ ಬ್ಯಾಗು ಹರಡಿಕೊಂಡು ಕೂತೆ.

ಮಂಚೇನಹಳ್ಳಿಯಲ್ಲಿ ಕಪ್ಪು ಕನ್ನಡಕದ ಅಜ್ಜಿಯೊಬ್ಬರು ಹತ್ತಿ, ಸೀದಾ ಬಂದು ನನಗೆ ಒತ್ತಿಕೊಂಡು ಕೂತರು. ಕಣ್ಣೊರೆಸಿಕೊಂಡ ಕೈಯಲ್ಲೇ ನನ್ನ ಕೈ ಹಿಡಿದು, "ನಿಂಗೂ ಬಂದೈತೇನಮ್ಮ? ಸದ್ಯ, ನಂಗೊಂದು ಜೊತೆ ಸಿಕ್ತು" ಎಂದರು.

"ಇದು ತಲೆನೋವಿಗೆ ಅಜ್ಜಿ" ಎಂದೆ.

"ತಲೇನೂ ನೋಯ್ತದೆ ಕಣಮ್ಮ, ನಂಗೂ ಹಂಗೇ" ಎಂದವರು ಕೈ ಬಿಡಲೇ ಇಲ್ಲ.

ಆ ವಾರವೇ ನನಗೆ ಮದ್ರಾಸ್ ಐ ಬಂತು. ಈಗ ಬಸ್ಸಿನಲ್ಲಿ ಯಾರಾದರೂ ಪಕ್ಕದಿಂದ ಎದ್ದು ಹೋದರೆ ಬೇಸರವಿಲ್ಲ. ಬಂದು ಕೂತರೇ ಭಯ.