ಅಕ್ಕೋರು ತೋರಿಸಿದ ಬಾಗ್ದಾದ್

ಅಕ್ಕೋರು ಯಾರನ್ನೂ ನೇರವಾಗಿ ನೋಡುತ್ತಿರಲಿಲ್ಲ. ಮುಖವನ್ನು ಒಂದು ಪಕ್ಕಕ್ಕೆ ವಾಲಿಸಿ, ಕೋಳಿ ಕಾಳು ನೋಡುವ ಹಾಗೆ, ಕಣ್ಣಂಚಿನಿಂದ ನೋಡುತ್ತಿದ್ದರು. ಮೊದಲ ಸಲ ಇದೆಂಥ ಬಿಂಕ ಅನ್ನಿಸಿತ್ತು ನನಗೆ. ಆಮೇಲೆ ಅವರ ಮಗಳು ಹೇಳಿದಳು: ನಡುಭಾಗದ ದೃಷ್ಟಿ ಹೋಗಿದೆ, ಸುತ್ತಲಿನದಷ್ಟೇ ಕಾಣುತ್ತದೆ, ನಡುವಿನ ಆ ಕತ್ತಲೆಯೂ ದಿನೇ ದಿನೇ ಹಿಗ್ಗುತ್ತಿದೆ.

ಕಲಬುರಗಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಆ ಕಡೆ ಟೀಚರನ್ನು ಅಕ್ಕೋರು ಎನ್ನುತ್ತಾರೆಂದು ಮೈಸೂರಿನ ನನಗೆ ಗೊತ್ತಾದದ್ದೇ ಕಡಲು ದಾಟಿ ಈ ಲಿವರ್‌ಮೋರಿಗೆ ಬಂದು, ಅವರ ಎದುರು ಮನೆ ಹಿಡಿದ ಮೇಲೆ. ಭಾನುವಾರ ಮಧ್ಯಾಹ್ನ ಗರಾಜಿನ ಬಾಗಿಲು ಎತ್ತಿಸಿ, ರಸ್ತೆಯ ನಮ್ಮವರ ಮಕ್ಕಳನ್ನೆಲ್ಲ ಕೂರಿಸಿಕೊಂಡು ಹಳೆಯ ರಾಜಧಾನಿಗಳ ಕಥೆ ಹೇಳುವರು. ಮಕ್ಕಳು ಇಂಗ್ಲಿಷಿನಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ. ಮಗಳನ್ನು ಬಿಡಲು ಹೋದ ನಾನು ಗ್ರೋಸರಿ ಮರೆತು ಅಲ್ಲೇ ಕೂತುಬಿಡುತ್ತಿದ್ದೆ.

ಅವರದೊಂದು ನೇಮ. ನಗರ ಏಳುವುದು ಒಂದು ವಾರ, ಬೀಳುವುದು ಮುಂದಿನ ವಾರ. "ಎರಡೂ ಕೂಡೇ ಹೇಳಬಾರ್ದ್ರಿ. ಹುಡುಗ್ರಿಗೆ ಬಿದ್ದದ್ದಷ್ಟ ನೆನಪಿರ್ತದ" ಅನ್ನುವರು.

ಬಾಗ್ದಾದಿನ ಸರದಿ ಬಂದ ದಿನ ನಾನು ಉಸಿರು ಬಿಗಿಹಿಡಿದು ಕೇಳಿದೆ. ಎಂಟನೆಯ ಶತಮಾನದಲ್ಲಿ ಟೈಗ್ರಿಸ್ ದಡದ ಮೇಲೆ ದುಂಡನೆಯ ರಾಜಧಾನಿ ಕಟ್ಟಲು ಹೊರಟ ಖಲೀಫ, ಮೊದಲು ನೆಲದ ಮೇಲೆ ಬೂದಿಯಲ್ಲಿ ಇಡೀ ನಕ್ಷೆ ಬರೆಸಿದನಂತೆ. ನಾಲ್ಕು ಬಾಗಿಲು, ಒಂದೊಂದಕ್ಕೂ ಅದರ ದಾರಿ ಹೋಗಿ ಸೇರುವ ಊರಿನ ಹೆಸರು, ಒಂದು ಖುರಾಸಾನಿನದು. ಬೂದಿಯ ಬಾಗಿಲು ಹಾದು, ಬೂದಿಯ ಬೀದಿಗಳಲ್ಲಿ ನಡೆದು ನೋಡಿದನಂತೆ. ಆಮೇಲೆ ಗೆರೆಗಳ ಮೇಲೆ ಹತ್ತಿಕಾಳು ಸುರಿಸಿ, ಎಣ್ಣೆ ಹುಯ್ಯಿಸಿ ಬೆಂಕಿ ಕೊಡಿಸಿದನಂತೆ. ಇನ್ನೂ ಒಂದು ಇಟ್ಟಿಗೆ ಇಟ್ಟಿಲ್ಲ, ಆಗಲೇ ನಗರ ಬೆಂಕಿಯ ಗೆರೆಯಲ್ಲಿ ಎದ್ದು ನಿಂತಿತ್ತು.

"ಕಣ್ಣು ಪೂರಾ ಹೋಗೂದ್ರಾಗ ಅದನ್ನ ಒಮ್ಮೆ ನೋಡಬೇಕಂತ ಭಾಳ ಆಸೆ ಅದ" ಅಂದರು ಅಕ್ಕೋರು. ಅವರು ತಮಗಾಗಿ ಏನಾದರೂ ಬಯಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಬೆಟ್ಟಗಳೆಲ್ಲ ಒಣಗಿ, ಕಾಡ್ಗಿಚ್ಚಿನ ಭಯಕ್ಕೆ ಬೆಂಕಿಯ ಮಾತೆತ್ತಿದರೆ ರಸ್ತೆಯವರು ಬೆಚ್ಚಿಬೀಳುವ ಕಾಲವದು. ಆ ನಗರವನ್ನು ನಾವೇ ಬರೆದು ದೀಪ ಹಚ್ಚಿ ತೋರಿಸಲು ಮೊದಲ ಮಳೆಗೆ ಕಾದೆವು; ಬೀಳುವ ಕಥೆಯನ್ನು ಅಕ್ಕೋರೂ ಅಲ್ಲಿಯವರೆಗೆ ಮುಂದೂಡಿದರು. ದೀಪಾವಳಿಯ ಹಿಂದಿನ ದಿನ ಮಳೆ ಬಂತು. ನಮ್ಮ ರಸ್ತೆ ಕೊನೆಯಲ್ಲಿ ಗುಂಡಗೆ ಅಗಲವಾಗಿ ಮುಗಿಯುತ್ತದೆ. ಹಬ್ಬದ ದಿನ ಅಲ್ಲೇ ರಂಗೋಲಿ ಪುಡಿಯಲ್ಲಿ ನಾಲ್ಕು ಬಾಗಿಲಿನ ಕೋಟೆ ಬರೆದೆವು, ನಡುವೆ ಅರಮನೆ. ಹತ್ತಿಕಾಳಿನ ಬದಲು ಟೀ ಲೈಟ್ ಎನ್ನುವ ಪುಟ್ಟ ಮೇಣದ ದೀಪಗಳು. ಮುಸ್ಸಂಜೆಗೆ ಎಲ್ಲವನ್ನೂ ಹಚ್ಚಿ, ನಾನು ಅಕ್ಕೋರನ್ನು ಅವರ ಮಹಡಿಯ ಕಿಟಕಿಗೆ ಕರೆದೊಯ್ದೆ.

ಅವರು ತಲೆಯನ್ನು ಆ ಕಡೆ ವಾಲಿಸಿದರು, ಈ ಕಡೆ ವಾಲಿಸಿದರು.

"ಕ್ವಾಟಿ ಕಾಣ್ತದ್ರಿ. ಸುತ್ತೂ ಕಾಣ್ತದ. ನಡುವಿನ ಅರಮನಿ ಕಾಣವಲ್ದು."

"ನಡುವೆ ಇನ್ನೊಂದಷ್ಟು ದೀಪ ಇಡಿಸ್ಲಾ ಅಕ್ಕೋರೇ?"

"ಬ್ಯಾಡ್ರಿ. ಖರೇ ಬಾಗ್ದಾದಿನಾಗೂ ಮೊದಲ ಹೋಗಿದ್ದು ನಡುವಿಂದೇ. ಖಲೀಫರು ಹೊರಗ ಅರಮನಿ ಕಟ್ಟಿಕೊಂಡು ಹ್ವಾದ್ರು. ಒಳಗಿನ ಹಸರು ಗುಮ್ಮಟ ಒಂದು ಗುಡುಗು ಮಳಿಗೆ ಕುಸದು ಬಿತ್ತು."

ಅಷ್ಟರಲ್ಲಿ ಕೆಳಗೆ ಎಡವಟ್ಟಾಯಿತು. ಗುಂಡಗೆ ಉರಿಯುವ ಸಾಲುದೀಪ ಕಂಡರೆ ಇಲ್ಲಿನ ಮಕ್ಕಳಿಗೆ ನೆನಪಾಗುವುದು ಬರ್ತ್‌ಡೇ ಕೇಕು. "ಮೇಕ್ ಅ ವಿಶ್" ಎಂದು ಕೂಗಿದವಳು ನನ್ನ ಮಗಳೇ. ಎಲ್ಲರೂ ಬಗ್ಗಿ ಊದತೊಡಗಿದರು. ದೀಪ ಊದಿ ಆರಿಸಬಾರದೆಂದು ನಾವು ಯಾರೂ ಹೇಳಿಕೊಟ್ಟಿರಲಿಲ್ಲ. ನೋಡನೋಡುತ್ತ ನಗರ ಕಪ್ಪಾಯಿತು.

ನನಗೆ ಅಳುವೇ ಬಂತು. ಬೈಯಲು ಕಿಟಕಿ ಸರಿಸಿದೆ. ಅಕ್ಕೋರು ನನ್ನ ಕೈ ಹಿಡಿದುಕೊಂಡರು, ನಗುತ್ತಿದ್ದರು.

"ಬೈಬ್ಯಾಡ್ರಿ. ಮಂಗೋಲರು ಬಂದ್ರು, ಅಷ್ಟ. ನನ್ನ ಕೆಳಗ ಕರಕೊಂಡು ನಡೀರಿ. ಬಿದ್ದದ್ದನ್ನೂ ಇವತ್ತೇ ಹೇಳಿಬಿಡ್ತೀನಿ. ಮುಂದಿನ ವಾರಕ್ಕ ಏನು ಕಾಣ್ತದೋ ಏನಿಲ್ಲೋ."

ಕೋಟೆಯ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತರು. ಮಕ್ಕಳು ಆರಿದ ದೀಪಗಳ ನಡುವೆ ಕೂತರು. ಜಗತ್ತೇ ತಿರುಗಿ ನೋಡುತ್ತಿದ್ದ ಊರನ್ನು ಮಂಗೋಲರು ಸೂರೆ ಮಾಡಿದ್ದು, ನದಿಗೆಸೆದ ಪುಸ್ತಕಗಳ ಶಾಯಿಗೆ ನೀರು ಕಪ್ಪಾಯಿತೆಂದು ಜನ ಇಂದಿಗೂ ಹೇಳುವುದು, ಆ ದುಂಡು ಕೋಟೆಯ ಗುರುತು ಕೂಡ ಉಳಿಯದೆ ಹೋದದ್ದು, ಎಲ್ಲವನ್ನೂ ತಣ್ಣಗಿನ ದನಿಯಲ್ಲಿ ಹೇಳಿದರು.

"ಡಿಡ್ ಕಿಡ್ಸ್ ಲಿವ್ ದೇರ್, ಅಜ್ಜಿ?" ಎಂದಳು ನನ್ನ ಮಗಳು.

"ಇದ್ದೇ ಇದ್ರು. ನಿನ್ನಂಥವ್ರೇ. ಉಣ್ಣಾಕ ಕರದ್ರ ಬರಲಾರದವ್ರು."

ಸ್ವಲ್ಪ ಹೊತ್ತಿಗೆ ನಾನೇ ಊಟಕ್ಕೆ ಕರೆದೆ. ಸಂಜೆಯೆಲ್ಲ ರಂಗೋಲಿಯ ಗೆರೆಗಳನ್ನು ಹಾರಿ ಹಾರಿ ದಾಟಿದ್ದ ಹುಡುಗಿ ಈಗ ಎದ್ದು, ಮಬ್ಬಿನಲ್ಲಿ ಗೋಡೆಯ ಒಳಗೊಳಗೇ ಸುತ್ತು ಹಾಕಿ ಬರತೊಡಗಿದಳು. ಉಳಿದವರೂ ಅವಳ ಹಿಂದೆ.

"ಗೆರಿ ದಾಟಿ ಬಂದ್ರೇನ್ರಿ?" ಎಂದರು ಅಕ್ಕೋರು, ಹೆಜ್ಜೆ ಸಪ್ಪಳಕ್ಕೆ.

"ಇಲ್ಲ ಅಕ್ಕೋರೇ. ಬಾಗಿಲಲ್ಲಿ ಬಂದ್ರು."

"ಯಾವ ಬಾಗಲಾ?"

"ನಿಮ್ಮ ಮನೆ ಕಡೇದು."

"ಖುರಾಸಾನಿಂದು" ಅಂದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

ಚಳಿಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು. ಭಾನುವಾರ ಆ ಗರಾಜಿನ ಬಾಗಿಲು ಮುಚ್ಚಿಯೇ ಇರುತ್ತದೆ. ಈ ವರ್ಷ ಮಗಳ ಸ್ಕೂಲಿನಲ್ಲಿ ಬಾಗ್ದಾದಿನ ಪಾಠ ಬಂತು. ಆ ಊರಿಗೆ ತಾನು ಹೋಗಿದ್ದೆ ಎಂದು ಟೀಚರಿಗೆ ಹೇಳಿ ಬಂದಳಂತೆ. ನಾನು ತಿದ್ದಲಿಲ್ಲ. ನಾನೂ ಹೋಗಿದ್ದೆನಲ್ಲ.